ನೀಲಗಂಗಮ್ಮನ ಮಾಳಿಗೆಯ ಗಾಳಿಬಾಣ

ಬಾಯಲ್ಲಿ ಬ್ರಶ್ ಇರುವಾಗ ಸುಮ್ಮನಿರಬೇಕು ಅನ್ನುವ ಸಣ್ಣ ಬುದ್ಧಿಯೊಂದು ಮರುಳಸಿದ್ದಪ್ಪ ಮೇಷ್ಟ್ರಿಗೆ ಇದ್ದಿದ್ದರೆ, ಆ ಭಾನುವಾರ ಹೊಸಪೇಟೆ ಚಿತ್ತವಾಡ್ಗಿಯ ಅರ್ಧ ಓಣಿ ಅವರ ಮೇಲೆ ಬೀಳುತ್ತಿರಲಿಲ್ಲ.

ಮನೆಯೊಡತಿ ನೀಲಗಂಗಮ್ಮ ಮಾಳಿಗೆಯಿಂದ ಬಗ್ಗಿ ಕೇಳಿದರು. "ಮೇಷ್ಟ್ರ, ಇವತ್ತು ಶಾವಿಗಿ ಒಣಗಾಕಬೌದೇನ್ರಿ? ಬಸುರಿ ಮಗಳ ಕುಬಸದ್ದು. ಕೆಂಪು ಧೂಳು ಬಿದ್ರ ಬೀಗರ ಮುಂದ ಮಾನ ಹೋಗತೈತಿ."

ಮೇಷ್ಟ್ರು ತಲೆಯೆತ್ತಿ ನೋಡಿದರು. ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ ಅವರ ಗಾಳಿಬಾಣ ನಿಂತಿತ್ತು. ಎಣ್ಣೆ ಡಬ್ಬಿಯ ತಗಡು, ಸೈಕಲ್ ಕಡ್ಡಿ ಸೇರಿಸಿ ಏಳನೇ ಕ್ಲಾಸಿನ ಮಕ್ಕಳು ಮಾಡಿದ್ದು. ಶಾಲೆಗೆ ಹಂಚಿನ ಸೂರು, ಅಲ್ಲಿ ನೆಡಲು ಜಾಗವಿಲ್ಲ. ಸೋಮವಾರ ಮಕ್ಕಳೆಲ್ಲ ಇಲ್ಲಿಗೇ ಬಂದು ಗಾಳಿಯ ದಿಕ್ಕು ನೋಡುವುದೆಂದು ನಿಗದಿಯಾಗಿತ್ತು. ಮಕ್ಕಳಿಗಿಂತ ಮೇಷ್ಟ್ರಿಗೇ ಹೆಚ್ಚು ಸಡಗರ.

"ಧಾರಾಳ ಹಾಕ್ರಿ ಅವ್ವಾರ!" ಬ್ರಶ್ ತೆಗೆಯದೆಯೇ ಅಂದರು. "ಗಾಳಿ ಎಲ್ಲಿಂದ ಬರತೈತೋ ಆ ಕಡಿಗೆ ಬಾಣ ಮೂತಿ ಮಾಡತೈತಿ. ಈಗ ಪಶ್ಚಿಮಕ್ಕ, ಡ್ಯಾಮ್ ಕಡೆ ಮಾಡೈತಿ. ನೀರಿನ ಮ್ಯಾಲಿಂದ ಬರೋ ಗಾಳ್ಯಾಗ ಧೂಳೆಲ್ಲಿದು?"

"ನೋಡ್ರಿ ಮತ್ತ. ನಿಮ್ಮ ಬಾಣ ಖರೇ ಹೇಳಿದ್ರ ಇಲ್ಲೇ ಇರ್ಲಿ. ಸುಳ್ಳು ಹೇಳ್ತು, ಸಂಜಿಗೆ ಗುಜರಿಗೆ!"

ಅದು ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿಗೆ ಹೊರಟಿದ್ದ ಕಾಲ. ಹೊಸಪೇಟೆಯಲ್ಲಿ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದವರು ಸಂಜೆ ಕಾವಿ ಬಣ್ಣದಲ್ಲಿ ಮನೆ ಸೇರಿ, ತಾವು ಸನ್ಯಾಸ ತಗೊಂಡಿಲ್ಲವೆಂದು ಹೆಂಡತಿಗೆ ಹೇಳಬೇಕಾಗಿತ್ತು. ಅಂಥದರಲ್ಲಿ "ಇವತ್ತು ಧೂಳಿಲ್ಲ" ಅನ್ನುವ ಮಾತು ಸಿಕ್ಕರೆ ಯಾರು ಬಿಟ್ಟಾರು? ಎದುರುಮನೆ ಹೊನ್ನೂರಮ್ಮ, ಮೂಲೆಮನೆ ತಾಯಕ್ಕ, ಅವರ ಹಿಂದೆ ಇನ್ನಷ್ಟು ಜನ ಮಾಳಿಗೆ ಹತ್ತಿದರು. ಹಳೇ ಸೀರೆಗಳ ಮೇಲೆಲ್ಲ ಬೆಳ್ಳಗೆ ಶಾವಿಗೆ ಹರಡಿತು. ಮೇಷ್ಟ್ರು ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮಲಗಿದರು.

ಎಬ್ಬಿಸಿದ್ದು ಬಾಗಿಲು ಬಡಿತ. ತೆರೆದರೆ ಹೊನ್ನೂರಮ್ಮ, ಹಿಂದೆ ಓಣಿಯ ಹೆಂಗಸರು, ಎಲ್ಲರ ಮುಂದೆ ನೀಲಗಂಗಮ್ಮ.

"ಇದು ಶಾವಿಗಿನೋ ಕುಂಕುಮನೋ ಹೇಳ್ರಿ!" ಹೊನ್ನೂರಮ್ಮ ಒಂದು ಹಿಡಿಯನ್ನು ಅವರ ಮೂಗಿಗೇ ಹಿಡಿದರು. "ದೊಡ್ಡ ರೋಡಿನ ಧೂಳೆಲ್ಲ ಬಂದು ಬಿತ್ತು. ನಿಮ್ಮ ಬಾಣ ಇನ್ನೂ ಡ್ಯಾಮ್ ನೋಡಿಕೋತ ನಿಂತೈತಿ!"

"ಹಂಗ ಆಗಂಗಿಲ್ರಿ!" ಎಂದು ಮೇಷ್ಟ್ರು ಮಾಳಿಗೆಗೆ ಓಡಿದರು. ಪೂರ್ವಕ್ಕೆ ಕರ್ರಗೆ ಮೋಡ ಕಟ್ಟಿತ್ತು. ಗಾಳಿ ಭರ್ರನೆ ಬೀಸಿತು. ಅವರ ಲುಂಗಿ ಪಶ್ಚಿಮಕ್ಕೆ ಹಾರಿತು. ಲುಂಗಿ ಪಶ್ಚಿಮಕ್ಕೆ ಹಾರಿದರೆ ಗಾಳಿ ಪೂರ್ವದ್ದು, ಅನುಮಾನವೇ ಇಲ್ಲ. ಬಾಣ ಮಾತ್ರ ಹಟಮಾರಿ ಎಮ್ಮೆಯ ಹಾಗೆ ಡ್ಯಾಮಿನ ಕಡೆಗೇ ಮುಖ ಮಾಡಿತ್ತು. ಒಂದು ಕೈಯಲ್ಲಿ ಲುಂಗಿ, ಒಂದು ಕೈಯಲ್ಲಿ ಏಣಿ ಹಿಡಿದು ಮೇಷ್ಟ್ರು ಟ್ಯಾಂಕು ಹತ್ತಿದರು. ಅಷ್ಟೂ ಹೆಂಗಸರು ಕೆಳಗೆ ನಿಂತು ನೋಡುತ್ತಿದ್ದರು. ಶಿವನೇ, ಇಂಥ ಪಾಡು ಯಾವ ವಿಜ್ಞಾನಿಗೂ ಬರಬಾರದು!

ಬಾಣದ ಕುತ್ತಿಗೆಗೆ ಬಿಳಿ ಲಾಡಿಯೊಂದು ಬಿಗಿದಿತ್ತು.

"ಯಾರ್ರೀ ಇದನ್ನ ಕಟ್ಟಿದ್ದು?"

"ನಾನ," ಅಂದರು ನೀಲಗಂಗಮ್ಮ, ಒಂಚೂರೂ ಅಳುಕದೆ. "ಡ್ಯಾಮಿನ ಗಾಳಿ ಚಲೋದು ಅಂದ್ರಿ. ಬಾಣ ಎಲ್ಲೆರ ತಿರುಗಿದ್ರ ಗಾಳೀನೂ ತಿರುಗೀತು ಅಂತ ಕಟ್ಟಿದೆ. ನನ್ನ ಲಂಗದ ಲಾಡಿ, ಭಾಳ ಗಟ್ಟಿ ಐತಿ."

ಮೇಷ್ಟ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅವ್ವಾರ, ಬಾಣ ಗಾಳೀನ ತಿರುಗಸಂಗಿಲ್ಲ, ಗಾಳಿ ಬಾಣನ ತಿರುಗಸತೈತಿ! ಬಿಸಿಲಿಗೆ ನೆಲ ಕಾದು ಬಿಸಿ ಗಾಳಿ ಮ್ಯಾಲೇರತೈತಿ, ಮೋಡ ಆಗತೈತಿ. ಆ ಮೋಡದಾಗ ತಣ್ಣಗಾದ ಗಾಳಿ ಧಪ್ ಅಂತ ಕೆಳಗ ಬಿದ್ದು ನಾಕೂ ಕಡಿಗೆ ನುಗ್ಗತೈತಿ. ಅದಕ್ಕ ಲಾಡಿ ಹಾಕಾಕ ಆಗತೈತೇನ್ರಿ?"

ಲಾಡಿ ಬಿಚ್ಚಿದರು. ಬಾಣ ಗಿರಗಿರನೆ ಸುತ್ತಿ, ಪೂರ್ವಕ್ಕೆ ಮೂತಿ ಮಾಡಿ ನಿಂತಿತು.

ಹೊನ್ನೂರಮ್ಮ ಕಣ್ಣು ಕಿರಿದು ಮಾಡಿದರು. "ತಡೀರಿ. ದೊಡ್ಡ ರೋಡು ಇರೋದು ದಕ್ಷಿಣಕ್ಕ. ಇದು ಹುಣಸಿ ಮರದ ಬಯಲು ತೋರಸತೈತಲ್ಲ? ಅಲ್ಲೆಲ್ಲಿ ಧೂಳು? ನಡೀರಿ, ನೋಡೇ ಬಿಡೋಣ!"

ಮೆರವಣಿಗೆ ಹೊರಟಿತು. ಹುಣಸೆ ಮರದ ಹಿಂದೆ ಒಂದು ಲಾರಿ ನಿಂತಿತ್ತು. ಅದಿರಿನ ಪುಡಿ ಗೋಪುರದ ಹಾಗೆ ತುಂಬಿತ್ತು, ಮೇಲೆ ಒಂದು ಗೋಣಿಚೀಲದ ಮುಚ್ಚಿಗೆಯೂ ಇಲ್ಲ. ಗಾಳಿ ಬೀಸಿದಾಗಲೆಲ್ಲ ಪುಡಿ ಭುಸ್ಸನೆ ಎದ್ದು ಓಣಿಯ ಕಡೆ ಹಾರುತ್ತಿತ್ತು. ಮುಚ್ಚಬೇಕಾದ ತಾಡಪಾಲನ್ನು ಮೆತ್ತಗೆ ಮಡಿಸಿ, ಲಾರಿಯ ಕೆಳಗೆ ಹಾಸಿಕೊಂಡು ಒಬ್ಬ ಗೊರಕೆ ಹೊಡೆಯುತ್ತಿದ್ದ. ಮೀಸೆಯೂ ಕೆಂಪು, ಹುಬ್ಬೂ ಕೆಂಪು. ಲಾರಿಯ ಹಣೆಯ ಮೇಲೆ ದೊಡ್ಡದಾಗಿ 'ತಾಯಿ ಆಶೀರ್ವಾದ' ಎಂದು ಬರೆದಿತ್ತು.

"ಯಪ್ಪಾ!" ಅಂದರು ತಾಯಕ್ಕ. "ನಿಮ್ಮ ವೀರೇಶ ಅಲ್ಲೇನ್ರಿ ನೀಲಗಂಗಮ್ಮಾರ?"

ನೀಲಗಂಗಮ್ಮ ಲಾರಿಯ ಕೆಳಗೆ ಬಗ್ಗಿದರು. ಮಗನ ಕಿವಿ ಹಿಡಿದು ಎಬ್ಬಿಸಿದರು. ಮುಂದಿನದನ್ನು ಹೊನ್ನೂರಮ್ಮ ನೋಡಿಕೊಂಡರು. ವೀರೇಶ ಲಾರಿಗೆ ತಾಡಪಾಲು ಬಿಗಿದ. ಓಣಿಯವರ ಗೋಧಿಯನ್ನೆಲ್ಲ ತಾನೇ ಹೊತ್ತು ಶಾವಿಗೆ ಮಷಿನ್ನಿಗೆ ಒಯ್ಯುವೆನೆಂದೂ, ಇನ್ನೆಂದೂ ಅದಿರು ಮುಚ್ಚದೆ ಬಿಡುವುದಿಲ್ಲವೆಂದೂ ಎಲ್ಲರೆದುರು ಒಪ್ಪಿಕೊಂಡ.

ಮೇಷ್ಟ್ರು ಎದೆಯುಬ್ಬಿಸಿ ಮನೆಗೆ ಬಂದರು. ಬಾಣ ಖರೇ ಹೇಳಿತ್ತು, ಇನ್ನು ಅದನ್ನು ಅಲುಗಿಸುವವರು ಯಾರು? ಬಂದು ನೋಡಿದರೆ ಬಾಣ ಬಾಗಿಲ ಮುಂದಿನ ಕಟ್ಟೆಯ ಮೇಲೆ ಅಂಗಾತ ಬಿದ್ದಿತ್ತು.

"ಅವ್ವಾರ, ಖರೇ ಹೇಳಿದ್ರ ಇರ್ಲಿ ಅಂದಿದ್ರಲ್ರಿ?"

"ಅಂದಿದ್ದೆ. ಇಷ್ಟೊಂದು ಖರೇ ಹೇಳೋದು ನನ್ನ ಮನಿ ಮ್ಯಾಲೆ ಬ್ಯಾಡ್ರಿ ಮೇಷ್ಟ್ರ," ಎಂದು ನೀಲಗಂಗಮ್ಮ ಬಾಗಿಲು ಹಾಕಿಕೊಂಡರು.

ಬಾಣವನ್ನು ಹೆಗಲಿಗೇರಿಸಿ ಮೇಷ್ಟ್ರು ನಡುಓಣಿಯಲ್ಲಿ ನಿಂತರು. ನಾಳೆ ಮಕ್ಕಳು ಬಂದರೆ ಏನು ತೋರಿಸುವುದು? ಅಷ್ಟರಲ್ಲಿ ಎದುರುಮನೆಯಿಂದ ಹೊನ್ನೂರಮ್ಮನ ಕೂಗು ಬಂತು.

"ಯಾಕ್ ನಿಂತೀರಿ? ನಮ್ಮ ಮಾಳಿಗಿ ಸತ್ತೈತೇನು? ಬರ್ರಿ ಮ್ಯಾಲೆ!"

ಮೇಷ್ಟ್ರ ಕಣ್ಣು ತುಂಬಿ ಬಂತು. ಲೋಕದಲ್ಲಿ ವಿಜ್ಞಾನಕ್ಕೆ ಇನ್ನೂ ಬೆಲೆಯಿದೆ ಅನ್ನಿಸಿತು. ಹೊತ್ತು ಮುಳುಗುವ ಮೊದಲೇ ಬಾಣ ನೆಟ್ಟಾಯಿತು. ಮೋಡ ಚದುರಿ ಡ್ಯಾಮಿನ ತಂಗಾಳಿ ಮತ್ತೆ ಬೀಸಿತು, ಬಾಣ ನಯವಾಗಿ ಪಶ್ಚಿಮಕ್ಕೆ ತಿರುಗಿತು. ನಾಳೆ ಮಕ್ಕಳು ಕುಣಿದಾಡುತ್ತಾರೆ ಅಂದುಕೊಂಡು ಮೇಷ್ಟ್ರು ಬೆವರೊರೆಸಿಕೊಂಡರು.

ಹೊನ್ನೂರಮ್ಮ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಮೇಲೆ ಬಂದರು.

"ಚಲೋ ಆತು ಮೇಷ್ಟ್ರ. ಒಂದ ಸಣ್ಣ ಕೆಲಸ ಉಳದೈತಿ. ಧೂಳು ಯಾರದು ಅಂತ ಓಣಿ ಮರೀಬಾರ್ದು. ಅದರ ಮೂತಿ ಯಾವಾಗ್ಲೂ ನೀಲಗಂಗಮ್ಮನ ಮನಿ ಕಡೆನ ಇರಬೇಕು ನೋಡ್ರಿ," ಎಂದು ಹಿಂದಿನ ಕೈ ಮುಂದೆ ಚಾಚಿದರು.

ಕೈಯಲ್ಲಿ ಹೊಚ್ಚ ಹೊಸ ಲಾಡಿ ಇತ್ತು.