ಚಿಕ್ಕಪ್ಪನ ಕಡಲೆಕಾಯಿ ಮಿಲ್ ಕ್ಯಾಸೆಟ್ಟು

ನಮ್ಮ ಚಿಕ್ಕಪ್ಪನ ಹೆಸರನ್ನು ನಾನು ಹೇಳುವುದಿಲ್ಲ. ಮಾನ ಹೋಗುತ್ತದೆ ಎಂದಲ್ಲ; ಆ ಮನುಷ್ಯನಿಗೆ ಆ ಭಯ ಹುಟ್ಟಿದಾಗಿನಿಂದಲೇ ಇಲ್ಲ! ಕಾರಣ ಬೇರೆ ಇದೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಮಧುಗಿರಿಯಲ್ಲಿ ಕಡಲೆಕಾಯಿ ಮಿಲ್ಲಿಗೆ ಹೋಗಿ, ಎಣ್ಣೆ ಮರೆತು, ಮಿಲ್ಲಿನ ಸದ್ದನ್ನು ಮಾತ್ರ ಮನೆಗೆ ತಂದ ಗಂಡಸು ಅವರೊಬ್ಬರೇ.

ಹರೆಯದಲ್ಲಿ ಅವರ ಹೆಗಲಿಗೆ ಸದಾ ಒಂದು ಟೇಪ್ ರೆಕಾರ್ಡರ್ ತೂಗುತ್ತಿತ್ತು. ಮಿಲ್ಲು, ವೆಲ್ಡಿಂಗ್ ಶಾಪು, ಜಲ್ಲಿ ಕ್ರಷರ್, ಎಲ್ಲಿ ಯಂತ್ರ ಒಂದೇ ಸಮನೆ ಬಡಿದುಕೊಳ್ಳುತ್ತದೋ ಅಲ್ಲಿ ಇವರು ಹಾಜರು. ಆ ಸದ್ದುಗಳಿಗೆ ತಗಡಿನ ಡಬ್ಬದ ತಾಳ ಸೇರಿಸಿ ಕ್ಯಾಸೆಟ್ ಮಾಡಿ, ಬೇಡ ಬೇಡ ಎಂದವರಿಗೂ ಹಂಚುತ್ತಿದ್ದರು. "ಇದು ಸಂಗೀತ ಕಣ್ಲಾ, ನಿಂಗೊತ್ತಾಗಲ್ಲ" ಎಂದು ನನ್ನನ್ನು ಗದರುತ್ತಿದ್ದರು. ಗೊತ್ತಾಗುವುದು ಹಾಗಿರಲಿ, ತಲೆನೋವಿನ ಮಾತ್ರೆ ಸಿಕ್ಕಿದರೆ ಸಾಕಾಗಿತ್ತು ನನಗೆ! ಚಿಕ್ಕಮ್ಮ ಮಾಳಿಗೆಯ ಮೇಲೆ ಹಪ್ಪಳ ಹರವಿದರೆ, ಪಕ್ಕದಲ್ಲೇ ಇವರ ಸತ್ತ ಸೆಲ್ಲುಗಳೂ ಜೀವ ಬರಲಿ ಎಂದು ಬಿಸಿಲು ಕಾಯುತ್ತಿದ್ದವು.

ಒಮ್ಮೆ ಪಾವಗಡದ ಕಡೆ ಯಾರದೋ ಹೊಲದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಚಿಕ್ಕಪ್ಪ ಲಾರಿಯ ಪಕ್ಕ ಕಣ್ಣು ಮುಚ್ಚಿ, ತಲೆದೂಗುತ್ತಾ ಕೂತಿದ್ದಾರೆ. ಅಷ್ಟರಲ್ಲಿ ನೀರು ಬಿತ್ತು! ಹೊಲದವರೆಲ್ಲ ಕೆಸರಿನಲ್ಲೇ ಕುಣಿದರು, ಕಾಯಿ ಒಡೆದರು. ಇವರೊಬ್ಬರ ಮುಖ ಮಾತ್ರ ಸಪ್ಪೆ.

"ಏಮಯ್ಯಾ, ನೀರು ಬಂತು ಅಂತ ನಾವು ಕುಣೀತಿದ್ರೆ ನೀನ್ಯಾಕಪ್ಪಾ ಸತ್ತೋರ ಮನೇಲಿ ಕುಂತಂಗೆ ಕುಂತಿದ್ದೀಯ?"

"ಚೆನ್ನಾಗಿ ತಾಳ ಹಿಡಿದಿತ್ತು ಸ್ವಾಮಿ, ನಿಂತೇ ಹೋಯ್ತಲ್ಲ!"

ಆ ದಿನ ಅವರು ಪೆಟ್ಟು ತಿನ್ನದೆ ಮನೆಗೆ ಬಂದದ್ದು ನಾಗಲಮಡಿಕೆ ಸುಬ್ರಹ್ಮಣ್ಯನ ಕೃಪೆ, ಇನ್ನೇನೂ ಅಲ್ಲ.

ಶಿರಾದ ಮೆಕ್ಯಾನಿಕ್ ಸಾಹೇಬರದು ಇನ್ನೊಂದು ಕಥೆ. ಸ್ಕೂಟರನ್ನು ಸರ್ವೀಸಿಗೆ ಬಿಟ್ಟ ಚಿಕ್ಕಪ್ಪ, ಇಂಜಿನ್ನಿನ ಟಕಟಕ ಸದ್ದಿಗೆ ಮಾತ್ರ ಕೈ ಹಚ್ಚಬೇಡಿ ಎಂದರಂತೆ. "ಅರೆ ಸಾಬ್, ದುನಿಯಾ ಎಲ್ಲಾ ಸೌಂಡ್ ಹೋಗ್ಲಿ ಅಂತ ಬರ್ತದೆ, ನೀವು ಇರ್ಲಿ ಅಂತೀರಲ್ಲ!" ಕೊರಟಗೆರೆಯಲ್ಲಂತೂ ನೆಂಟರ ನಾಮಕರಣಕ್ಕೆ ಹೋಗಿ ತಮ್ಮ ಕ್ಯಾಸೆಟ್ ಹಾಕಿಬಿಟ್ಟರು. ಅಡುಗೆಯವನು ಜನರೇಟರ್ ಕೆಟ್ಟಿತೆಂದು ಓಡಿಹೋಗಿ ಅದನ್ನು ಆಫ್ ಮಾಡಿದ. ಕತ್ತಲಲ್ಲೇ ಮಗುವಿಗೆ ಹೆಸರಿಟ್ಟೆವು. ಕತ್ತಲಲ್ಲೂ ಕ್ಯಾಸೆಟ್ ಮಾತ್ರ ಓಡುತ್ತಲೇ ಇತ್ತು, ಸೆಲ್ಲಿನ ಮಹಿಮೆ!

ಇಷ್ಟೆಲ್ಲವನ್ನೂ ಚಿಕ್ಕಮ್ಮ ಸಹಿಸಿದರು. ಸಹಿಸದೆ ಉಳಿದದ್ದು ಒಂದೇ ಒಂದು. ಮದುವೆಯಾದ ಹೊಸತರಲ್ಲಿ ಒಂದು ದಿನ, ಹಳೆಯ ಕಡಲೆಕಾಯಿ ಮಿಲ್ಲನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆಂದು ಸುದ್ದಿ ಬಂತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಇದ್ದದ್ದು ಇವರ ಮದುವೆಯ ಕ್ಯಾಸೆಟ್ಟು, ಚಿಕ್ಕಮ್ಮನ ತವರಿನವರು ಆಸೆಪಟ್ಟು ಮಾಡಿಸಿಕೊಟ್ಟದ್ದು. ಯಾರೂ ಅಳಿಸದಿರಲಿ ಎಂದು ಅದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನೂ ಮುರಿದಿಟ್ಟಿದ್ದರು. ಚಿಕ್ಕಪ್ಪ ಆ ತೂತಿಗೆ ಕಾಗದ ತುರುಕಿ, ನಾದಸ್ವರ, ಮಂತ್ರ, ಮಾಂಗಲ್ಯ ಎಲ್ಲದರ ಮೇಲೂ ಮಿಲ್ಲನ್ನು ಓಡಿಸಿಬಿಟ್ಟರು! "ಪೂರ್ತಿ ಆಗಲಿಲ್ಲ, ಕರೆಂಟ್ ಹೋಯ್ತು" ಎಂದು ಮೇಲೆ ಬೇಜಾರು ಬೇರೆ.

"ನನ್ ಮದ್ವೆ ಮೇಲೆ ಕಡ್ಲೇಕಾಯಿ ಸುಲಿದೋರು ನೀವು!" ಎಂದು ಚಿಕ್ಕಮ್ಮ ಆ ಕ್ಯಾಸೆಟ್ಟನ್ನು ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಚಿಕ್ಕಪ್ಪ ವರ್ಷವರ್ಷವೂ ಕೇಳುವರು. ಅವರು ವರ್ಷವರ್ಷವೂ ಕೊಡರು.

ಈಗ ನೋಡಿ ತಮಾಷೆ. ಬೀಗ ಬೀಳುವ ಮೊದಲೇ ಚಿಕ್ಕಪ್ಪ ಮಿಲ್ಲಿನ ಸದ್ದಿನ ಒಂದು ನಕಲನ್ನು ಜರ್ಮನಿಯಲ್ಲಿ ಇವರ ಹಾಗೇ ಸದ್ದಿನ ಹುಚ್ಚು ಹಿಡಿದ ಯಾರದೋ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದರಂತೆ. ಅದು ನಕಲಿನ ನಕಲಾಗಿ ಊರೂರು ಸುತ್ತಿ, ಇಂಥದ್ದಕ್ಕೇ ಪ್ರಾಣ ಬಿಡುವ ಜನರ ಕೈಸೇರಿದೆ! ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಸೇರಿಸಿ ಹೊಸದಾಗಿ ರೆಕಾರ್ಡ್ ತರುತ್ತೇವೆಂದು ಬೆಂಗಳೂರಿನಿಂದ ಒಬ್ಬ ಹುಡುಗಿ, ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡು ಬಂದೇಬಿಟ್ಟಳು.

"ಅಂಕಲ್, ಮಿಲ್ ಟ್ರ್ಯಾಕ್ ಥಟ್ಟಂತ ನಿಲ್ಲುತ್ತಲ್ಲ, ಅದ್ಭುತ! ಅದರ ಬಗ್ಗೆ ಅಲ್ಲಿ ಚರ್ಚೆನೇ ನಡೆದಿದೆ. ಒರಿಜಿನಲ್ ಬೇಕೇ ಬೇಕು."

"ಅದು ಇವರ ಕ್ಯಾಸೆಟ್ಟಲ್ಲ ಕಣಮ್ಮ, ನನ್ ಮದ್ವೆ. ಕೊಡಲ್ಲ," ಎಂದರು ಚಿಕ್ಕಮ್ಮ.

"ಅಳಿಸಿದ ಮೇಲೂ ಎಲ್ಲೋ ಒಂಚೂರು ಉಳಿದಿರಬಹುದು ಆಂಟಿ. ಹುಡುಕಿ ನೋಡ್ಲಾ?"

ಚಿಕ್ಕಮ್ಮ ಎದ್ದುಹೋಗಿ ಟ್ರಂಕಿನ ಬೀಗ ತೆಗೆದರು. ಆಸೆ ಎಂಥವರ ಹಟವನ್ನೂ ಕರಗಿಸುತ್ತದೆ.

ಕ್ಯಾಸೆಟ್ ಓಡಿತು. ಧಡ್ ಧಡ್ ಧಡ್ ಎಂದು ಮಿಲ್ಲು ನಡುಮನೆಯನ್ನೇ ಅಲ್ಲಾಡಿಸಿ, ಥಟ್ಟನೆ ನಿಂತಿತು. "ಆಗ ಕರೆಂಟ್ ಹೋಯ್ತಂತೆ," ಎಂದರು ಚಿಕ್ಕಮ್ಮ. ಹುಡುಗಿ ಹುಬ್ಬೇರಿಸಿದಳು. "ಕರೆಂಟ್ ಹೋದ್ರೆ ಮಿಲ್ಲು ನಿಧಾನಕ್ಕೆ ನಿಲ್ಲಬೇಕಲ್ವಾ ಅಂಕಲ್? ಟೇಪು ಸೆಲ್ಲಿಂದು ಬೇರೆ. ಇದು ಯಾರೋ ಬಟನ್ ಒತ್ತಿ ನಿಲ್ಲಿಸಿದ ಹಾಗಿದೆ."

ಅವಳು ಆಫ್ ಮಾಡಲು ಹೋದಾಗ, "ಬ್ಯಾಡಮ್ಮ, ಓಡ್ಲಿ" ಎಂದರು ಚಿಕ್ಕಪ್ಪ.

ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಗಲಗಲ ನಗು, ಬಳೆ ಸದ್ದು. ನಮ್ಮ ಸೋದರತ್ತೆ ಹೊಸ್ತಿಲಿಗೆ ಅಡ್ಡ ನಿಂತು, "ಗಂಡನ ಹೆಸ್ರು ಹೇಳ್ದೆ ಒಳೀಕೆ ಬುಡಲ್ಲ!" ಎನ್ನುತ್ತಿದ್ದಾರೆ. ನಂತರ ನಡುಗುವ ಒಂದು ಎಳೆಯ ದನಿ:

"ಅಂಗಳದಾಗೆ ಹೊಂಗೆ ನೆಳ್ಳು, ಹೊಸ್ತಿಲ ಮ್ಯಾಲೆ ಅಕ್ಕಿ ಸೇರು, ದಾರಿ ಬುಡ್ರಮ್ಮ, ನಾನು..." ಎಂದು ಹೇಳಿ, ಚಿಕ್ಕಪ್ಪನ ಹೆಸರು. ಜನ ಹೋ ಎಂದು ನಕ್ಕರು. ಅಲ್ಲಿಗೆ ಟೇಪು ಮುಗಿಯಿತು.

ಚಿಕ್ಕಮ್ಮ ಗೋಡೆಗೆ ಒರಗಿ ಕೂತುಬಿಟ್ಟರು. "ಮತ್ತೆ ಕರೆಂಟ್ ಹೋಯ್ತು ಅಂದ್ರಿ?"

"ಹೋಗಿರ್ಲಿಲ್ಲ. ಇಲ್ಲೀಗಂಟ ಬಂದಿರ್ತದೆ ಅಂತ ಅಂದಾಜು ಮಾಡಿ ನಾನೇ ನಿಲ್ಲಿಸ್ದೆ. ಮಂತ್ರ ಯಾರ ಮದ್ವೇಲಾದ್ರೂ ಸಿಗ್ತದೆ. ಇದು ಎಲ್ ಸಿಗ್ತದೆ ಹೇಳು?"

"ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಚ್ಕೊಂಡು ಅದನ್ನೂ ಅಳಿಸಿಬುಡ್ತಿದ್ದೆ ನೀನು."

ಚಿಕ್ಕಮ್ಮ ಅತ್ತರು, ನಕ್ಕರು, ಎರಡೂ ಒಟ್ಟಿಗೆ. "ಮಿಲ್ಲಿನ ಸದ್ದು ಬೇಕಾದ್ರೆ ಹಾಕ್ಕಳಮ್ಮ, ಇದು ಬ್ಯಾಡ" ಎಂದು ಹುಡುಗಿಗೆ ಹೇಳಿ, ಗಂಡನ ಕಡೆ ತಿರುಗಿ ಮೆಲ್ಲಗೆ ಅಂದರು: "ಇನ್ನೊಂದ್ಸಲ ಹಾಕ್ರೀ."

ರೆಕಾರ್ಡು ಹೊರಬಂದಿದೆ. ಮಿಲ್ಲು ಅಲ್ಲೂ ಥಟ್ಟನೆ ನಿಲ್ಲುತ್ತದೆ. ಯಾಕೆಂದು ಜನ ಈಗಲೂ ಚರ್ಚೆ ಮಾಡುತ್ತಾರಂತೆ, ಮಾಡಲಿ. ಮುಂದಿನದು ಮಧುಗಿರಿಯ ಆ ಮನೆಯಲ್ಲಿ ಮಾತ್ರ ಕೇಳಿಸುತ್ತದೆ. ಆ ಹೆಸರನ್ನು ಚಿಕ್ಕಮ್ಮ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಅದನ್ನು ಇಲ್ಲಿ ಬರೆಯಲು ನಾನ್ಯಾರು?