ಸಾರಜನಕ ಹುಡುಕೂದ್ರಾಗ ಬಂದ ಸಿಟ್ಟು

ಮಣ್ಣು ಭಾಳ ಶಾಂತ. ಮಣ್ಣಿನ ಕೆಲಸ ಮಾಡೋರಿಗೆ ಮಾತ್ರ ದಿನಕ್ಕೊಂದು ಸಿಟ್ಟು ತಪ್ಪಿದ್ದಲ್ಲ. ರಾಮದುರ್ಗದ ಕಡೆ ಸುಣ್ಣಗಲ್ಲಿನ ಗುಡ್ಡದ ಮ್ಯಾಲ ಒಂದು ಕುರುಚಲ ಕಾಡು ಅದ. ಅಲ್ಲಿ ಉದುರಿದ ಎಲಿ ಕೊಳತು, ಅದರ ಸಾರಜನಕ ಮಣ್ಣಿಗಿಳದು, ತಿರುಗಿ ಗಿಡಕ್ಕ ಹೆಂಗ ಏರ್ತದ ಅಂತ ಒಂದು ವರ್ಷ ಅಳಿಯೂದು ನನ್ನ ಕೆಲಸ.

೧. ಬುರುಗು

ಮೊದಲನೇ ದಿನ ಸುಣ್ಣದ ಪರೀಕ್ಷಾ ಮಾಡ್ಲಿಕ್ಕೆ ಮಣ್ಣಿನ ಮ್ಯಾಲ ನಾಲ್ಕು ಹನಿ ಆಸಿಡ್ ಬಿಟ್ಟೆ. ಬುಸ್ ಅಂತ ಬುರುಗು ಬಂತು. ತಲಿ ಎತ್ತಿ ನೋಡಿದ್ರ, ಗುರುತಿಗಂತ ಗಿಡಕ್ಕ ಕಟ್ಟಿದ್ದ ಕೆಂಪು ರಿಬ್ಬನ್ನೆಲ್ಲಾ ಆಡು ತಿನ್ನಲಿಕ್ಕತ್ತಿದ್ವು. ಆಡು ಕಾಯೋ ಹೆಣ್ಣಮಗಳಿಗೆ ಬಾಯಿಗೆ ಬಂದಂಗ ಬೈದೆ. ಆಕಿ ಬುರುಗಿನ ಕಡೆ ಬೊಟ್ಟು ಮಾಡಿ, "ತಡೀರಿ ಅಕ್ಕಾರ, ನಿಮಗಿಂತ ಮೊದಲ ಗುಡ್ಡಕ್ಕ ಸಿಟ್ಟು ಬಂದೈತಿ" ಅಂದ್ಲು.

೨. ಫ್ರಿಜ್ಜಿನ ಮಣ್ಣು

ತಂದ ಮಣ್ಣು ತಣ್ಣಗ ಇಡಬೇಕು. ಇಲ್ಲಾಂದ್ರ ಅದರೊಳಗಿನ ಸೂಕ್ಷ್ಮಜೀವಿ ತಮ್ಮ ಕೆಲಸ ಬಿಡೂದಿಲ್ಲ, ಸಾರಜನಕದ ಅಳತಿ ಕೆಡ್ತದ. ಆಫೀಸಿನ ಫ್ರಿಜ್ ಕೆಟ್ಟಿತ್ತು. ಬೈಲಹೊಂಗಲದ ನಮ್ಮ ಮನಿ ಫ್ರಿಜ್ಜಿನ ತಳಕ್ಕ ಚೀಲ ಇಟ್ಟೆ. ನಮ್ಮ ಅತ್ತಿಯವರು ಮಡಿ ಮನಷ್ಯಾರು. ಮರುದಿನ ನೋಡಿದ್ರ ಚೀಲ ತೊಳದು ಒಣಗ ಹಾಕ್ಯಾರ!

"ಮಣ್ಣೆಲ್ಲಿ ಅತ್ತಿ?"

"ತುಳಸಿ ಕಟ್ಟಿಗೆ ಹಾಕೀನಿ."

"ಅದು ಒಂದು ತಿಂಗಳ ಕೆಲಸರೀ!" ಅಂತ ಚೀರಿದೆ.

"ಯಾಕ ಚೀರ್ತೀ? ಅಷ್ಟು ಕಷ್ಟಪಟ್ಟು ತಂದೀ ಅಂತನ ತುಳಸಿಗೆ ಹಾಕೀನಿ. ಇಲ್ಲಾಂದ್ರ ಬದನಿ ಗಿಡಕ್ಕ ಹಾಕತಿದ್ದೆ."

೩. ತಿಂದವರ್ಯಾರು?

ಜಾಳಿಗಿ ಚೀಲದಾಗ ಒಣಗಿದ ಎಲಿ ತೂಗಿ ತುಂಬಿ, ಗಿಡದ ಬುಡಕ್ಕ ಇಟ್ಟಿದ್ದೆ. ಆರು ತಿಂಗಳಿಗೆ ತಗದಾಗ ಅರ್ಧಕ್ಕರ್ಧ ಕರಗಿತ್ತು. ಕರಗಬೇಕು! ಎಷ್ಟು ಕರಗ್ತು ಅನ್ನೂದ ಸಂಶೋಧನಾ. ಆದ್ರ ಆಫೀಸಿನ ಸ್ಟೋರ್ ನೋಡಕೊಳ್ಳೋರು, "ಒಯ್ಯೂ ಮುಂದ ಇಪ್ಪತ್ತು ಗ್ರಾಂ ಇತ್ತು, ಈಗ ಹತ್ತೈತಿ. ಉಳದದ್ದೆಲ್ಲಿ ಮೇಡಂ?" ಅಂದ್ರು.

"ಮಣ್ಣಿನ್ಯಾಗಿನ ಹುಳಾ ತಿಂದಾವ!" ಮೇಜು ಬಡದೆ.

ಅವರು ಮೆತ್ತಗಾಗಿ ಕಪಾಟಿನಿಂದ ಒಂದು ಕಾಗದ ತಗದ್ರು. "ಮೊದಲ ಹೇಳೂದಲ್ಲೇನ್ರಿ? ಇಲಿ ತಿಂದ್ರ ತುಂಬೋ ಫಾರ್ಮ್ ಐತಿ. 'ಇಲಿ' ಹೊಡದು 'ಹುಳಾ' ಅಂತ ಬರೀರಿ. ಹುಳಾ ಹಿಡದ್ರೋ ಇಲ್ಲೋ, ಅದನ್ನೂ ಬರೀಬೇಕು."

೪. ಅಜ್ಜನ ಉಪಕಾರ

ಕಡೀ ಸಲ ಮಣ್ಣು ತಗೊಳ್ಳೋ ದಿನ. ಕಾವಲಿಗಿದ್ದ ಅಜ್ಜ, ಕಬ್ಬು ಬೆಳೆಯೋ ರೈತ, ನಕ್ಕೋತ ಎದುರು ಬಂದ. ಅವನ ಹಿಂದ ಗಿಡದ ಬುಡಕ್ಕೆಲ್ಲಾ ಬೆಳ್ಳನ್ನ ಕಾಳು ಮಿಂಚತಿದ್ವು. ಬಗ್ಗಿ ಮುಟ್ಟಿ ನೋಡಿದೆ. ಯೂರಿಯಾ!

"ಯಾರು ಹಾಕಿದ್ದು ಇದನ್ನ?" ಕಾಳು ಹಿಡದು ಅಜ್ಜನ ಮುಂದ ಚಾಚಿದೆ. ಒಂದು ವರ್ಷದ ಕೆಲಸ ಮಣ್ಣಪಾಲಾಗಿತ್ತು.

"ನಾನರೀ ಬಾಯಾರ. ಬಂದಾಗೊಮ್ಮೆ ಸಾರಜನಕ ಕಡಿಮಿ ಐತಿ, ಕಡಿಮಿ ಐತಿ ಅಂತ ಬರಕೋತಿದ್ರಿ. ನಿಮ್ಮ ಮಾರಿ ನೋಡಾಕ ಆಗಲಿಲ್ಲ. ಕಬ್ಬಿಗೆ ತಂದಿದ್ದರಾಗ ಒಂದು ಚೀಲ ಇಲ್ಲಿ ಒಗದೇನಿ."

ಕಲ್ಲಿನ ಮ್ಯಾಲ ಕುಂತು ಕೇಳಿದೆ: "ಅಜ್ಜಾ, ಏನೂ ಹಾಕದ ಹೋಲಿಸಿ ನೋಡಾಕಂತ ಒಂದು ತುಂಡು ಜಾಗಕ್ಕ ಬೇಲಿ ಹಾಕಿ, ಯಾರೂ ಮುಟ್ಟಬ್ಯಾಡ್ರಿ ಅಂತ ಬೋರ್ಡ್ ಹಚ್ಚಿದ್ನಲ್ಲ, ಅದನ್ನಾದ್ರೂ ಬಿಟ್ಟೀಯೇನು?"

ಅಜ್ಜನ ಮಾರಿ ಅರಳ್ತು.

"ಅದನ್ನ ಮರೀತೇನೇನ್ರಿ? ವರ್ಷಪೂರ್ತಿ ಬೇಲ್ಯಾಗ ಉಪವಾಸ ಕುಂತಿತ್ತು ಪಾಪ. ಅದಕ್ಕ ಎರಡು ಬೊಗಸಿ ಹೆಚ್ಚಿಗಿ ಹಾಕೇನಿ!"