ಎಡಕ್ಕೆ ವಾಲಬೇಕಿದ್ದ ದೋಣಿ

ದೋಣಿ ತಾನಾಗಿ ಹೋಗಿ ಕೆಸರಿನಲ್ಲಿ ಕೂರಲಿಲ್ಲ. ಇಂಜಿನ್ ಕೆಟ್ಟಿರಲಿಲ್ಲ, ಗಾಳಿ ಎದ್ದಿರಲಿಲ್ಲ, ಕೆರೆಯಲ್ಲಿ ಯಾವ ದೆವ್ವವೂ ಇರಲಿಲ್ಲ. ನಾನು ಕೈ ಹಾಕಿದೆ, ಕೆಟ್ಟಿತು. ಆದದ್ದು ಇಷ್ಟೇ. ಊರಿನವರು ಇದನ್ನೇ ನಾಲ್ಕು ಬಗೆಯಾಗಿ ಹೇಳುತ್ತಿರುವುದರಿಂದ, ನಾಲ್ಕನೇ ಇಯತ್ತೆ ಓದಿದ ನಾನೇ ಕುಳಿತು ಬರೆಯಬೇಕಾಯಿತು.

ನಮ್ಮೂರು ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯ ಬಗಲಿಗಿದೆ. ಊರಿಗಿಂತ ಕೆರೆಯೇ ದೊಡ್ಡದು. ಆ ಕೆರೆಯಲ್ಲಿ ನೀರಾಟದ ಜಾಗ ಮಾಡುತ್ತೇನೆಂದು ಕಾರವಾರದ ಕಡೆಯ ಸಾಹೇಬರೊಬ್ಬರು ಹಳೆಯ ಇಂಜಿನ್ ದೋಣಿಯೊಂದನ್ನು ತಂದು ಬಿಟ್ಟಿದ್ದರು. ನನ್ನ ಮೊಮ್ಮಗಳು ರೂಪಾ ಎರಡು ವರ್ಷ ಸಮುದ್ರದ ಕಡೆ ಇದ್ದು ಈ ಆಟ ಕಲಿತು ಬಂದವಳು. ಸಾಹೇಬರು ಅವಳ ಆಟವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮೆಚ್ಚಿದರೆ ದೋಣಿ ಅವಳ ಕೈಗೆ, ಆಟ ಕಲಿಸುವ ಕೆಲಸ ಅವಳಿಗೆ. ಮೆಚ್ಚದಿದ್ದರೆ ಬೇರೆ ಕಡೆಯಿಂದ ಯಾರನ್ನೋ ಕರೆಸುತ್ತಾರೆ.

ಆಟದಲ್ಲಿ ಎರಡು ಬಗೆ. ಒಂದರಲ್ಲಿ ಹಲಗೆಗೆ ಕಾಲು ಬಿಗಿದುಕೊಂಡು, ದೋಣಿಗೆ ಕಟ್ಟಿದ ಹಗ್ಗ ಹಿಡಿದು ನೀರಿನ ಮೇಲೆ ಜಾರುವುದು. ಇನ್ನೊಂದರಲ್ಲಿ ಹಗ್ಗ ಹಿಡಿದು ಎದ್ದು ನಿಂತು, ಆಮೇಲೆ ಹಗ್ಗವನ್ನೇ ಬಿಟ್ಟುಬಿಡುವುದು! ದೋಣಿಯ ಹಿಂದೆ ಏಳುವ ಅಲೆಯೇ ಹಲಗೆಯನ್ನು ತಳ್ಳಿಕೊಂಡು ಹೋಗುತ್ತದೆ. ಸಾಹೇಬರು ನೋಡಬೇಕೆಂದಿದ್ದು ಇದನ್ನು. ಅಲೆ ದೊಡ್ಡದಾಗಿ ಏಳಬೇಕಾದರೆ ದೋಣಿಗೆ ಭಾರ ಹೇರಬೇಕು. ಅದಕ್ಕೆಂದೇ ಹಿಂದಿನ ಎರಡು ಮೂಲೆಗೂ ಒಂದೊಂದು ದಪ್ಪ ಚೀಲ. ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಅವುಗಳಿಗೆ ತುಂಬುವುದು.

"ನೀರಾಗ ಹೋಗೂ ದೋಣಿಗೆ ನೀರನ್ನ ಹೇರತೀಯೇನ?" ಎಂದು ನಾನು ನಕ್ಕೆ.

"ಭಾರ ಬೇಕು ಆಯಿ. ಹಗ್ಗ ಹಿಡಿಯೂ ಆಟಕ್ಕ ಎರಡೂ ಕಡೆ ಸಮ ಇರಬೇಕು. ಹಗ್ಗ ಬಿಡೂ ಆಟಕ್ಕ ಎಡಗಡೆ ಒಂದಕ್ಕ ಭಾರ ಹಾಕಿ ದೋಣಿ ವಾಲಿಸಬೇಕು."

ಕೇಳಿಸಿಕೊಂಡೆ. ಒಪ್ಪಲಿಲ್ಲ.

ಏಕೆಂದರೆ ಮೂವತ್ತು ವರ್ಷ ಚಕ್ಕಡಿ ಹೇರಿದವಳು ನಾನು. ಮುಂದೆ ಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಒಂದೇ ಮಗ್ಗುಲಿಗೆ ಭಾರವಾದರೆ ಚಕ್ಕಡಿ ಹಳ್ಳದಲ್ಲಿ ಮಗುಚುತ್ತದೆ. ನಾನು ಹೇರಿದ ಚಕ್ಕಡಿ ಒಂದು ದಿನವೂ ಮಗುಚಿಲ್ಲ. ಹೀಗಿರುವಾಗ ನಿನ್ನೆ ಮೊನ್ನೆ ಕಲಿತ ಹುಡುಗಿ ನನಗೆ ಭಾರದ ಪಾಠ ಹೇಳುವುದೆ?

ಆ ದಿನ ಬೆಳಿಗ್ಗೆ ರೂಪಾ ಎಡಗಡೆಯ ಚೀಲವನ್ನು ಭರ್ತಿ ತುಂಬಿಸಿ, ಬಲಗಡೆಯದನ್ನು ಖಾಲಿ ಬಿಟ್ಟು, ಸಾಹೇಬರನ್ನು ಕರೆತರಲು ಹಾನಗಲ್ ಬಸ್‌ಸ್ಟ್ಯಾಂಡಿಗೆ ಹೋದಳು. ದೋಣಿ ನಡೆಸುವ ಸವಣೂರಿನ ಇಂಜಿನ್ ಮೇಸ್ತ್ರಿ ಖಾದರಸಾಬ, ಕೀಲಿಯನ್ನು ದೋಣಿಯಲ್ಲೇ ಬಿಟ್ಟು ಎಣ್ಣೆ ತರಲು ಹೋದ.

"ಆಯಿ, ದೋಣಿ ಹತ್ರ ಕುಂದರು. ದನ ಬರದಂಗ ನೋಡ್ಕೊ. ಏನೂ ಮುಟ್ಟಬ್ಯಾಡ" ಎಂದು ರೂಪಾ ಹೇಳಿಯೇ ಹೋಗಿದ್ದಳು.

ಕುಳಿತೆ. ನೋಡಿದೆ. ದೋಣಿ ಎಡಕ್ಕೆ ಸೊಟ್ಟಗೆ ನಿಂತಿತ್ತು, ಒಂದು ಕಾಲು ನೊಂದ ಎಮ್ಮೆಯಂತೆ! ಊರ ಮುಂದೆ, ಸಾಹೇಬರ ಮುಂದೆ ನನ್ನ ಮೊಮ್ಮಗಳ ದೋಣಿ ಹೀಗೆ ನಿಲ್ಲುವುದು ನನಗೆ ಸರಿಕಾಣಲಿಲ್ಲ. ಬಲಗಡೆಯ ಚೀಲಕ್ಕೂ ಅಷ್ಟೇ ನೀರು ಬಿಟ್ಟರಾಯಿತು. ಬೋರಿನ ಮೋಟರು ಹಚ್ಚಿದವಳಿಗೆ ಇದೇನು ಮಹಾ! ಕೀಲಿ ತಿರುವಿದೆ, ಗುಂಡಿ ಒತ್ತಿದೆ. ಪಂಪು ಗುಂಯ್ ಎಂದಿತು. ತುಂಬುವತನಕ ಎಲೆ ಅಡಿಕೆ ಹಾಕಿಕೊಳ್ಳೋಣವೆಂದು ಕೆರೆಯ ಏರಿಗೆ ಹೋದೆ. ಅಲ್ಲಿ ನೆರೆಮನೆಯ ಗಂಗವ್ವ ಒಣಗಿದ ಗೋವಿನಜೋಳವನ್ನು ಹಿರೇಕೆರೂರಿಗೆ ಕಳಿಸಲು ಚೀಲಕ್ಕೆ ತುಂಬುತ್ತಿದ್ದಳು.

ನನ್ನ ಲೆಕ್ಕದಲ್ಲಿ ಒಂದೇ ಒಂದು ಕೊರತೆ ಇತ್ತು. ಪಂಪಿನ ಪೈಪು ಇನ್ನೂ ಎಡಗಡೆಯ ಚೀಲದ ಬಾಯಲ್ಲೇ ಇತ್ತು!

ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಧಡ್ ಎಂದಿತು.

"ಅದೇನ ಸಪ್ಪಳ?" ಎಂದಳು ಗಂಗವ್ವ.

ಓಡಿಹೋಗಿ ನೋಡಿದರೆ ಮೊದಲೇ ಭರ್ತಿಯಾಗಿದ್ದ ಚೀಲ ಊದಿ ಊದಿ, ಹೊಲಿಗೆ ಬಿಟ್ಟು ಬಾಯ್ದೆರೆದು ಬಿದ್ದಿತ್ತು. ದೋಣಿಯ ತುಂಬ ನೀರು. ಗಾಬರಿಯಲ್ಲಿ ನಾನು ಗುಂಡಿಯನ್ನು ಬಿಟ್ಟು ಕೀಲಿಯನ್ನೇ ಹಿಂದಕ್ಕೆ ತಿರುವಿದೆ. ಪಂಪು ನಿಂತಿತು. ನಿಂತಿತಲ್ಲ ಎಂದು ಸಮಾಧಾನಪಟ್ಟೆ. ಗುಂಡಿ ಒತ್ತಿದ್ದು ಒತ್ತಿದಂತೆಯೇ ಇದೆ ಎಂಬುದು ನನಗೆ ಹೊಳೆಯಲಿಲ್ಲ.

"ಈಗ ಏನ ಮಾಡ್ತಿ?" ಗಂಗವ್ವ ತಂಬಿಗೆಯಿಂದ ನೀರು ಚೆಲ್ಲುತ್ತ ಕೇಳಿದಳು.

"ಭಾರ ಬೇಕು ಅಂದಾಳಲ್ಲ, ಭಾರ ಕೊಡೂಣು. ನಿನ್ನ ಜ್ವಾಳದ ಚೀಲ ಕೊಡು."

"ನನ್ನ ಜ್ವಾಳ ದೋಣಿ ಹತ್ತತೈತೇನ!"

"ನೀನಂತೂ ಹತ್ತಿಲ್ಲ, ಜ್ವಾಳರೆ ಹತ್ತಲಿ."

ಪೈಪಿದ್ದ ಹರಿದ ಚೀಲದ ಮೇಲೆಯೇ ಎಡಕ್ಕೆ ಎರಡು ಜೋಳದ ಚೀಲ, ಬಲಕ್ಕೆ ಎರಡು. ಮೇಲೆ ನನ್ನ ಎರಡು ಹೊಸ ಕೌದಿ ಹಾಸಿದೆ. ದೋಣಿ ನೆಟ್ಟಗೆ ನಿಂತಿತು. ಗೇಣು ಹಾಕಿ ಅಳೆದರೂ ತಪ್ಪು ಸಿಗುವಂತಿರಲಿಲ್ಲ!

ಸಾಹೇಬರು ಬಂದರು. ಊರೂ ಬಂತು. ರೂಪಾ ಕೌದಿ ನೋಡಿ ಹುಬ್ಬು ಗಂಟಿಕ್ಕಿದಳು. "ಇದ್ಯಾಕ ಆಯಿ?"

"ಸಾಹೇಬ್ರು ಕುಂದರಾಕ. ಬರೇ ಹಲಗಿ ಮ್ಯಾಲೆ ಕುಂದರಸ್ತಾರೇನ?"

"ಏನೂ ಮುಟ್ಟಿಲ್ಲಲ್ಲ?"

"ಇಲ್ಲವ್ವಾ."

ಅವಳು ನನ್ನ ಮಾತು ನಂಬಿದಳು. ಆ ದಿನ ಅವಳು ಮಾಡಿದ ತಪ್ಪು ಅದೊಂದೇ.

ತೇಲುವ ಜಾಕೀಟು ತೊಟ್ಟು ಸಾಹೇಬರು ಒಂದು ಕೌದಿಯ ಮೇಲೆ, ನಾನು ಇನ್ನೊಂದರ ಮೇಲೆ ಕುಳಿತೆವು. ರೂಪಾ ಹಲಗೆ ಹಿಡಿದು ನೀರಿಗಿಳಿದಳು. ಖಾದರಸಾಬ ಕೀಲಿ ತಿರುವಿದ. ಇಂಜಿನ್ ಎದ್ದಿತು. ಅದರ ಸದ್ದಿನಲ್ಲಿ ಪಂಪೂ ಎದ್ದದ್ದು ಯಾರಿಗೂ ಕೇಳಲಿಲ್ಲ.

ರೂಪಾ ಹಗ್ಗ ಹಿಡಿದು ಎದ್ದಳು, ಬಿಟ್ಟಳು, ಮುಳುಗಿದಳು. ಮತ್ತೆ ಎದ್ದಳು, ಮತ್ತೆ ಮುಳುಗಿದಳು. ದೋಣಿಯ ಹಿಂದಿನ ನೀರು ಎರಡೂ ಕಡೆಗೆ ಸರಿಸಮನಾಗಿ ಹಂಚಿಹೋಗುತ್ತಿತ್ತು. ನಡುವೆ ಅವಳನ್ನು ಹೊರುವಂಥದ್ದು ಏನೂ ಇರಲಿಲ್ಲ.

"ಆಯಿ, ಇದ್ಯಾಕ ಸೀದಾ ಹೊಂಟೈತ್ರಿ?" ಖಾದರಸಾಬ ಕೂಗಿದ.

"ಸೀದಾ ಹೋಗದ ಸೊಟ್ಟ ಹೋಗಬೇಕೇನು?"

"ಹೌದ್ರಿ! ಸೊಟ್ಟನ ಹೋಗಬೇಕಿತ್ರಿ!"

ಮೂರನೇ ಸಲ ಅವಳು ಬೀಳುವ ಹೊತ್ತಿಗೆ ಸಾಹೇಬರು ಕಾಲು ಮೇಲೆತ್ತಿಕೊಂಡರು. ಕಣಕಾಲ ತನಕ ನೀರು ಬಂದಿತ್ತು. ನೆನೆದ ಚೀಲದ ಬಾಯಿ ಬಿಚ್ಚಿ ಜೋಳವೆಲ್ಲ ಉರುಳುತ್ತ ದೋಣಿಯ ತಳಕ್ಕೆ ಇಳಿದು, ನೀರು ಹೊರಹಾಕುವ ತೂತಿಗೆ ಬಿರಡೆಯಂತೆ ಕೂತಿತ್ತು. ಖಾದರಸಾಬ "ಯಾ ಅಲ್ಲಾ" ಎಂದು ದೋಣಿಯನ್ನು ದಂಡೆಗೆ ತಿರುಗಿಸಿದ. ಮೊಣಕಾಲುದ್ದ ನೀರಿನಲ್ಲಿ, ನೋಡುವವರೆಲ್ಲರ ಎದುರಿಗೆ, ಅದು ಮೆಲ್ಲಗೆ ಕೆಸರಿನಲ್ಲಿ ಕುಳಿತಿತು. ನೆಟ್ಟಗೇ ಕುಳಿತಿತು. ಆ ಮಟ್ಟಿಗೆ ನನ್ನ ಕೆಲಸದಲ್ಲಿ ದೋಷವಿರಲಿಲ್ಲ.

ಏರಿಯ ಮೇಲಿಂದ ಗಂಗವ್ವನ ದನಿ ಕೇಳಿಸಿತು. "ನನ್ನ ಜ್ವಾಳ!"

ರೂಪಾ ಕೌದಿ ಎತ್ತಿ ನೋಡಿದಳು. ದಂಡೆಗೆ ಹೋಗಿ ಕುಳಿತು ಕೂದಲು ಹಿಂಡಿಕೊಂಡಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

"ಆಯಿ, ನಾ ನಿನಗ ಹೇಳಿದ್ನಿಲ್ಲ? ವಾಲಿದ್ರನ ಅಲಿ ಏಳೂದು. ಎಲ್ಲಾ ಕಡೆ ಸಮ ಮಾಡಿದ್ರ ಯಾರೂ ನಿಂದರಾಕ ಆಗೂದಿಲ್ಲ."

ಅವಳು ಹೇಳಿದ್ದು ದೋಣಿಯ ಮಾತು. ನನಗೆ ನೆನಪಾದದ್ದು ಬೇರೆ. ಅವಳ ಅಣ್ಣ ಹತ್ತನೆಯದಕ್ಕೆ ಸಾಲಿ ಬಿಟ್ಟಾಗ, ಅವನಿಗಿಲ್ಲದ್ದು ಇವಳಿಗೂ ಬೇಡ, ಇಬ್ಬರಿಗೂ ಸಮ ಇರಲಿ ಎಂದು ತೀರ್ಪು ಕೊಟ್ಟವಳು ನಾನೇ. ಅದನ್ನು ನ್ಯಾಯವೆಂದೇ ತಿಳಿದಿದ್ದೆ. ಅವಳು ನನ್ನ ಮಾತು ಮೀರಿ ಸಮುದ್ರದ ಕಡೆ ಹೋದದ್ದರಿಂದ ಉಳಿದಳು. ಮೀರದೆ ಇದ್ದಿದ್ದರೆ ಇವತ್ತು ಬೀಳುವುದಕ್ಕೂ ಅವಳ ಹತ್ತಿರ ಹಲಗೆ ಇರುತ್ತಿರಲಿಲ್ಲ. ಇಷ್ಟು ತಿಳಿಯಲು ನನಗೆ ಒಂದು ದೋಣಿ ಮುಳುಗಬೇಕಾಯಿತು.

ಎದ್ದು ಸಾಹೇಬರ ಹತ್ತಿರ ಹೋದೆ. ಅವರು ಬೂಟಿನಿಂದ ಜೋಳ ಸುರುವುತ್ತಿದ್ದರು.

"ಸಾಹೇಬ್ರ, ಹುಡುಗೀದು ತಪ್ಪಿಲ್ಲ. ಆಕಿ ಸರಿ ಇಟ್ಟಿದ್ಲು, ನಾ ಕೆಡಿಸೇನಿ. ಇನ್ನೊಂದ ಸಲ ನೋಡ್ರಿ."

ಅವರು ಇನ್ನೊಂದು ಬೂಟನ್ನೂ ಬಿಚ್ಚಿ ಸುರುವಿದರು. ಆಮೇಲೆ, "ನಾಳೆ ಬೆಳಿಗ್ಗೆ ನೋಡ್ತೇನೆ. ಮಧ್ಯಾಹ್ನ ಊರಿಗೆ ಹೊರಡ್ತೇನೆ. ಆದರೆ ಹೊಸ ಚೀಲ ಬರೋದಕ್ಕೆ ವಾರ ಬೇಕಲ್ಲ ಅಜ್ಜಿ? ಒಂದೇ ಮೂಲೆಗೆ ಅಷ್ಟು ಭಾರ ಎಲ್ಲಿಂದ ತರ್ತೀರಿ?" ಎಂದರು.

ರೂಪಾ ನನ್ನನ್ನು ನೋಡಿದಳು. ಆಮೇಲೆ ಗಂಗವ್ವನನ್ನು ನೋಡಿದಳು. ಕಣ್ಣಿನಲ್ಲೇ ತೂಗಿದಳು.

ಸಂಜೆಯತನಕ ಖಾದರಸಾಬ ಕೆಸರಿನಿಂದ ದೋಣಿ ಎಳೆಸಿ, ಜೋಳ ಬಳಿದು, ಇಂಜಿನ್ ಒರೆಸಿ ಸಿದ್ಧಮಾಡಿದ. ನನ್ನನ್ನು ಹತ್ತಿರ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಹಸಿವೆಗಲ್ಲ, ತೂಕಕ್ಕೆ. ಗಂಗವ್ವನಿಗೂ ಅವಳ ಇಬ್ಬರು ನೆಗೆಣ್ಣಿಯರಿಗೂ ಕಟ್ಟಿಕೊಂಡು ಹೋಗಿ ತಿನ್ನಿಸಿದೆ. ಜೋಳದ ಸಿಟ್ಟಿಗೆ ಗಂಗವ್ವ ನನ್ನೊಡನೆ ಮಾತು ಬಿಟ್ಟಿದ್ದಳು, ರೊಟ್ಟಿ ಬಿಡಲಿಲ್ಲ. ನಾಲ್ವರೂ ಜಾಕೀಟು ತೊಟ್ಟು ಹಿಂದಿನ ಎಡಮೂಲೆಯಲ್ಲಿ ಒತ್ತಿಕೊಂಡು ಕುಳಿತೆವು. ದೋಣಿ ಎಡಕ್ಕೆ ವಾಲಿತು. ನನ್ನ ಕೈ ತಾನಾಗಿ ಬಲಗಡೆಯ ಕಂಬಿ ಹಿಡಿಯಲು ಹೋಯಿತು.

"ಆಯಿ, ಅಲ್ಲಾಡಬ್ಯಾಡ!" ನೀರಿನಿಂದ ರೂಪಾ ಕೂಗಿದಳು.

ಕೈಕಟ್ಟಿ ಕುಳಿತೆ. ಹಿಂದೆ ಎಡಗಡೆಗೆ ಎದೆಯುದ್ದ ಅಲೆ ಎದ್ದಿತು. ರೂಪಾ ಅದರ ಮೇಲೆ ನಿಂತು ಹಗ್ಗವನ್ನು ದೋಣಿಗೆ ಎಸೆದಳು. ಅದು ನನ್ನ ತೊಡೆಯ ಮೇಲೆ ಬಿತ್ತು. ಕೆರೆಯ ಆ ದಂಡೆ ಬರುವತನಕ ಅವಳು ಅದನ್ನು ಮರಳಿ ಕೇಳಲಿಲ್ಲ.

ಸಾಹೇಬರು ಚಪ್ಪಾಳೆ ತಟ್ಟಿ ಮುಗಿಸಿ, "ಕೆಲಸ ಹುಡುಗೀದೇ ಆಯ್ತು. ಅಜ್ಜಿ, ಈ ದೋಣಿಯಲ್ಲಿ ನಿಮ್ಮ ಕೆಲಸ ಏನು?" ಎಂದು ಕೇಳಿದರು.

"ಹೊಸಾ ಚೀಲ ಬರೂತನಕ ನಾನ ಚೀಲರಿ" ಎಂದೆ.